ಹತ್ತು ಹೆತ್ತವಳ ಮಂಗಳ

ಕೊಡವರಲ್ಲಿ ಮದುವೆಯೊಂದೇ ಮಂಗಳವಲ್ಲ. ಕಿವಿ ಚುಚ್ಚುವುದಕ್ಕೂ ಮಂಗಳವುಂಟು. ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಳವುಂಟು. ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ, ಕೊಡಗರನ್ನು ಕುರಿತ ಗ್ರಂಥದಲ್ಲಿ ಈ ಮಂಗಳಗಳ ಪ್ರಸ್ತಾಪವಿದೆ. ಗಂಡು ಹುಟ್ಟಿದರೆ ಕೋವಿ ಹಾರಿಸಿ ಊರಿಗೆ ಸಾರುವುದು, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಕೊಡುವುದು ವಾಚಕರಲ್ಲಿ ಹಲವರಿಗೆ ತಿಳಿದದ್ದೇ. ಹತ್ತು ಹೆತ್ತವಳ ಮಂಗಳದಲ್ಲಿ ಮಾತ್ರ ಸಂತೋಷದಷ್ಟೇ ಭಯವೂ ಅಡಗಿದೆಯೆಂದು ನನಗೆ ತೋರುತ್ತದೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತೇವೆ. ಹತ್ತು ಬಾರಿ ಮರುಹುಟ್ಟು ಪಡೆದವಳಿಗೆ ಅಷ್ಟು ಗೌರವವಾದರೂ ಸಲ್ಲಬೇಡವೆ?

ಆದರೆ ಆ ಮಂಗಳ ಐನ್‌ಮನೆಯದು. ಅಲ್ಲಿ ಬಾಣಂತಿಯ ಬಳಿ ಅತ್ತೆ, ನಾದಿನಿ, ಓರಗಿತ್ತಿಯರಿದ್ದರು, ಕಣಜದಲ್ಲಿ ಭತ್ತವಿತ್ತು. 1854ರಲ್ಲಿ ಫೌಲರನೆಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ತರುವಾಯ ಎದ್ದ ಲೈನುಮನೆಗಳ ಕಥೆ ಬೇರೆ. ಮೈಸೂರಿನ ಬಯಲಿನಿಂದ ಬಂದ ಕೂಲಿ ಹೆಂಗಸು, ಕಾಡು ತಪ್ಪಿದ ಜೇನುಕುರುಬರವಳು, ತಲೆಮಾರುಗಳಿಂದ ಜೀತಕ್ಕೆ ಬಿದ್ದ ಯರವರವಳು—ಇವರಿಗೆ ಕೆಲಸಕ್ಕೆ ಹೋಗದ ದಿನ ಗಂಜಿಗೂ ಕಷ್ಟ.

ಮೇಲಾಗಿ ಚಳಿಜ್ವರ. ಮಲೇರಿಯದ ರೋಗಾಣು ಬಸುರಿಯ ಮಾಸಿನಲ್ಲಿ ಮನೆಮಾಡುತ್ತದೆ; ಚೊಚ್ಚಲ ಬಸುರಿಯನ್ನಂತೂ ಹೆಚ್ಚಾಗಿ ಕಾಡುತ್ತದೆ. ರಕ್ತ ಬತ್ತುತ್ತದೆ, ಗರ್ಭ ನಿಲ್ಲದೆ ಹೋಗಬಹುದು, ನಿಂತರೂ ಕೂಸು ಬಡಕಲಾಗಿ ಹುಟ್ಟಬಹುದು. ತೇವದ ಮಣ್ಣನ್ನು ಬರಿಗಾಲಲ್ಲಿ ತುಳಿಯುವವಳಿಗೆ ಕೊಕ್ಕೆಹುಳುವಿನ ಕಾಟವೂ ಸೇರಿತೆಂದರೆ ಉಳಿದ ರಕ್ತಕ್ಕೂ ಸಂಚಕಾರ. ಸೊಳ್ಳೆ ಐನ್‌ಮನೆ, ಲೈನುಮನೆ ಎಂದು ನೋಡಿ ಕಚ್ಚುವುದಿಲ್ಲ ನಿಜ. ಜ್ವರ ಬಿಟ್ಟ ಮೇಲೆ ಒಬ್ಬಳಿಗೆ ಹಾಸಿಗೆ, ಕೋಳಿಸಾರು, ಇನ್ನೊಬ್ಬಳಿಗೆ ಬುಟ್ಟಿ. ಬಡತಾಯಿಯ ಸಹನೆಯನ್ನು ಹೊಗಳುವುದು ನಮಗೆ ಸುಲಭ. ಅದಕ್ಕೆ ದುಡ್ಡು ಬೇಕಿಲ್ಲ. ತಾಳಿಕೆ ಎಂಬುದು ಅನ್ನ, ವಿಶ್ರಾಂತಿ, ಜೊತೆಯ ನಾಲ್ಕು ಕೈ ಇದ್ದಲ್ಲಿ ಬರುವಂಥದು.

1953ರಲ್ಲಿ ದೇಶದಲ್ಲಿ ಮಲೇರಿಯ ನಿಯಂತ್ರಣ ಯೋಜನೆ ಆರಂಭವಾಯಿತು. ಡಿಡಿಟಿ ಸಿಂಪಡಿಸುವವರು ಹಳ್ಳಿಗಳಿಗೆ ಬಂದರು. ಅದಕ್ಕೆ ಮೊದಲೇ, 1951ರಲ್ಲಿ, ತೋಟ ಕಾರ್ಮಿಕರ ಕಾನೂನು ಬಂದಿತ್ತು. 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕು, ಹೆರಿಗೆ ಭತ್ಯೆ ಕೊಡಬೇಕು ಎಂದಿತು. ಕಾನೂನು ಒಳ್ಳೆಯದೇ. ಆದರೆ 25 ಎಕರೆ, 30 ಆಳುಗಳಿಗಿಂತ ಕಡಿಮೆಯ ತೋಟಕ್ಕೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕೊಡಗಿನಲ್ಲಿ ಸಣ್ಣ ತೋಟಗಳಿಗೇನು ಬರವೆ? ಅಲ್ಲಿ ಕೂಸಿನ ಶಿಶುಗೃಹವೆಂದರೆ ನೆರಳುಮರಕ್ಕೆ ಕಟ್ಟಿದ ಸೀರೆಯ ಜೋಲಿ; ದಾದಿಯೆಂದರೆ ಶಾಲೆ ಬಿಟ್ಟ ಅಕ್ಕ. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರು, 15 ಆಳುಗಳಿಗೆ ಇಳಿಸಿತು. ಜೀತವನ್ನು 1976ರ ಕಾನೂನು ರದ್ದುಪಡಿಸಿತು. ಹೆರಿಗೆ ರಜೆ 1961ರಲ್ಲಿ 12 ವಾರವಿದ್ದದ್ದು 2017ರಲ್ಲಿ 26 ವಾರಕ್ಕೆ ಏರಿತು. ಆದರೆ ಹಿಂದಿನ ವರ್ಷದಲ್ಲಿ ಒಬ್ಬ ಮಾಲೀಕನ ಬಳಿ 80 ದಿನ ದುಡಿದಿರಬೇಕು. ಕೊಯ್ಲಿನಲ್ಲಿ ತೋಟದಿಂದ ತೋಟಕ್ಕೆ ಅಲೆಯುವವಳ 80 ದಿನಗಳ ಲೆಕ್ಕ ಇಟ್ಟವರಾರು?

ಅದೇ 2017ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಮಾತೃಪೂರ್ಣ ಯೋಜನೆ ತಂದಿತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಜೊತೆಗೆ ಹಾಲು, ಮೊಟ್ಟೆ, ಕಬ್ಬಿಣದ ಮಾತ್ರೆ. ಊಟ ಅಂಗನವಾಡಿಯಲ್ಲೇ ಆಗಬೇಕೆಂಬುದು ಆರಂಭದಲ್ಲಿ ಯೋಜನೆಯ ಕ್ರಮವಾಗಿತ್ತು. ಕೊಯ್ಲಿನ ದಿನಗಳಲ್ಲಿ ಆ ಹೊತ್ತಿಗೆ ಅವಳು ಗುಡ್ಡದ ಮೇಲಿನ ತೋಟದಲ್ಲಿ, ಕಿಲೋ ಲೆಕ್ಕದ ಕೂಲಿಗೆ ಹಣ್ಣು ಬಿಡಿಸುತ್ತಿರುತ್ತಾಳೆ.