ದೂರವಾಣಿ ತಂತಿಯಿಂದ ಅಂತರಜಾಲಕ್ಕೆ: ಹಳೆಯ ಬುಲೆಟಿನ್ ಬೋರ್ಡ್‌ನ ಮರುಜೀವ

ಬುಲೆಟಿನ್ ಬೋರ್ಡ್ ಎಂದರೆ ದೂರದ ಬಳಕೆದಾರರು ದೂರವಾಣಿಯ ಮೂಲಕ ಪ್ರವೇಶಿಸಿ, ಸಂದೇಶಗಳನ್ನು ಓದಿ, ಬರೆದಿಡಬಹುದಾಗಿದ್ದ ಕಂಪ್ಯೂಟರ್ ವ್ಯವಸ್ಥೆ. ಇಂತಹ ವ್ಯವಸ್ಥೆಗಳಲ್ಲಿ ಮೊದಲನೆಯದೆಂದು ಪರಿಗಣಿತವಾದ ಸಿಬಿಬಿಎಸ್ ಅನ್ನು ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ಯೂಸ್ ಅವರು 1978ರ ಜನವರಿಯ ಭಾರಿ ಹಿಮಪಾತದ ದಿನಗಳಲ್ಲಿ ರೂಪಿಸತೊಡಗಿ, ಫೆಬ್ರವರಿ 16ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಬಳಕೆಗೆ ತೆರೆದರು. ಒಂದೇ ದೂರವಾಣಿ ತಂತಿಯಿದ್ದುದರಿಂದ ಒಬ್ಬರು ಹೊರಬಂದ ಮೇಲೆಯೇ ಮತ್ತೊಬ್ಬರಿಗೆ ಪ್ರವೇಶ ದೊರೆಯುತ್ತಿತ್ತು.

ಕಂಪ್ಯೂಟರಿನ ಅಂಕೀಯ ಸಂಕೇತಗಳನ್ನು ದೂರವಾಣಿ ತಂತಿ ಸಾಗಿಸಬಲ್ಲ ಧ್ವನಿಯಾಗಿ ಮಾರ್ಪಡಿಸುವ ಸಾಧನವೇ ಮೋಡೆಮ್. ಸೆಕೆಂಡಿಗೆ 300 ಬಿಟ್‌ಗಳ ವೇಗದಲ್ಲಿ ಅದು ಸುಮಾರು 30 ಅಕ್ಷರಗಳನ್ನಷ್ಟೇ ರವಾನಿಸುತ್ತಿದ್ದುದರಿಂದ, ಸಾಲುಗಳು ಪರದೆಯ ಮೇಲೆ ಓದುವವರ ಕಣ್ಣೆದುರೇ ಅಕ್ಷರ ಅಕ್ಷರವಾಗಿ ಮೂಡುತ್ತಿದ್ದವು.

ಇಂದು ಇಂತಹ ಹಳೆಯ ಬುಲೆಟಿನ್ ಬೋರ್ಡ್ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸುವಾಗ ಅದರ ಮೂಲ ತಂತ್ರಾಂಶವನ್ನು ಬದಲಿಸಬೇಕಾಗಿಲ್ಲ. ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಸಾಗಿಸುವ ಸೀರಿಯಲ್ ಪೋರ್ಟ್‌ಗೆ ಮೋಡೆಮ್‌ನ ಬದಲು ವೈಫೈ ಸೌಲಭ್ಯವುಳ್ಳ ಪುಟ್ಟ ಸಾಧನವೊಂದನ್ನು ಅಳವಡಿಸಿದರೆ, ಅದು ಮೋಡೆಮ್‌ನ ಆದೇಶಗಳಿಗೆ ಮೋಡೆಮ್‌ನಂತೆಯೇ ಉತ್ತರಿಸುತ್ತ, ದೂರದ ಕಂಪ್ಯೂಟರಿನೊಡನೆ ಪಠ್ಯರೂಪದಲ್ಲಿ ಸಂವಹನ ನಡೆಸುವ ಟೆಲ್ನೆಟ್ ನಿಯಮಾವಳಿಯ ಮೂಲಕ ಬರುವ ಸಂಪರ್ಕವನ್ನು ದೂರವಾಣಿ ಕರೆಯೆಂಬಂತೆ ಯಂತ್ರಕ್ಕೆ ತಿಳಿಸುತ್ತದೆ. ಟೆಲ್ನೆಟ್ ಗುಪ್ತಪದವನ್ನೂ ಗೂಢಲಿಪೀಕರಿಸದೆ ಕಳುಹಿಸುವುದರಿಂದ, ಬೇರೆಡೆ ಬಳಸುವ ಗುಪ್ತಪದವನ್ನು ಇಲ್ಲಿ ಬಳಸಬಾರದು.

ಹೀಗೆ ಜೋಡಿಸಿದ ಯಂತ್ರವು ಗಾಜಿನ ಪೆಟ್ಟಿಗೆಯೊಳಗಿನ ಮೂಕ ವಸ್ತುವಾಗಿ ಉಳಿಯದೆ, ಜನರ ಮಾತಿಗೆ ವೇದಿಕೆಯಾಗುವ ತನ್ನ ಮೂಲ ಕಾಯಕಕ್ಕೆ ಮರಳುತ್ತದೆ.