ಬರಿಗಾಲೋ, ಎಪ್ಪತ್ತು ನಿಮಿಷವೋ? ಇಲ್ಫರ್ಡ್ ಪಂದ್ಯದ ಮುಗಿಯದ ಚರ್ಚೆ

ಫುಟ್‌ಬಾಲ್ ಪಂದ್ಯ 90 ನಿಮಿಷಕ್ಕೆ ಮುಗಿಯುತ್ತದೆ, ಅದರ ಚರ್ಚೆ ಮುಗಿಯುವುದಿಲ್ಲ. ಶನಿವಾರ ಸಂಜೆ ಲಂಡನ್ನಿನ ರೈಲುಗಳಲ್ಲಿ ಓಡಾಡುವ ನಮಗೆಲ್ಲ ಇದು ಗೊತ್ತಿರುವ ಸಂಗತಿ. ಅವನನ್ನು ಯಾಕೆ ಆಡಿಸಿದರು, ಇವನನ್ನು ಯಾಕೆ ಕೂರಿಸಿದರು, ಆ ಪೆನಾಲ್ಟಿಯನ್ನು ಬೇರೆಯವರು ಹೊಡೆಯಬಾರದಿತ್ತೇ ಎಂದು ಮನೆ ಮುಟ್ಟುವವರೆಗೂ ವಾದ ನಡೆಯುತ್ತಲೇ ಇರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ ಎಂದು ನಾವು ನಗಬಹುದು. ಆದರೆ ಒಂದು ಪಂದ್ಯ ಮುಂದಿನ ತಲೆಮಾರಿಗೆ ಹೇಗೆ ನೆನಪಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇಂಥ ಮಾತುಗಳೇ. ಇದಕ್ಕೆ ಒಳ್ಳೆಯ ಉದಾಹರಣೆಯಾದ ಪಂದ್ಯವೊಂದು ನಾವಿರುವ ಈ ಊರಿನಲ್ಲೇ ನಡೆದಿತ್ತು. ಅದರ ನಾಯಕ ಪಾತ್ರಗಳಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು. ಆ ಕಾರಣಕ್ಕೇ ಈ ಬಾರಿಯ ಸಂಚಿಕೆಗೆ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

1948ರ ಜುಲೈ 31

ಪೂರ್ವ ಲಂಡನ್ನಿನ ಇಲ್ಫರ್ಡ್ ಆಗ ಎಸೆಕ್ಸ್ ಕೌಂಟಿಗೆ ಸೇರಿದ್ದ ಊರು. ಇಂದು ಅಲ್ಲಿನ ಅಂಗಡಿ ಬೀದಿಗೆ ಹೋದರೆ ಕೊತ್ತಂಬರಿ, ನುಗ್ಗೆಕಾಯಿ ಎಲ್ಲವೂ ಸಿಗುತ್ತವೆ, ಅಂದು ಹಾಗಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ನ ಅಂಗವಾಗಿ ಅಲ್ಲಿ ಭಾರತ ಮತ್ತು ಫ್ರಾನ್ಸ್ ಎದುರಾದವು. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೊದಲ ಸುತ್ತಿನಲ್ಲಿ ಬರ್ಮಾ ಹಿಂದೆ ಸರಿದಿದ್ದರಿಂದ ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಪಂದ್ಯ ಇದೇ ಆಯಿತು. ನಾಯಕ ನಾಗಾ ಬೆಟ್ಟಗಳಿಂದ ಬಂದ ಡಾ. ತಾಲಿಮೆರೆನ್ ಆವ್. ಸುಮಾರು 17,000 ಜನ ನೋಡಲು ಸೇರಿದ್ದರು. ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು.

30ನೇ ನಿಮಿಷದಲ್ಲಿ ಫ್ರಾನ್ಸಿನ ಕೂರ್ಬಾಂ ಮೊದಲ ಗೋಲು ಹೊಡೆದರು. 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. 89ನೇ ನಿಮಿಷದಲ್ಲಿ ಪೆರ್ಸಿಯೋಂ ಹೊಡೆದ ಗೋಲಿನಿಂದ ಫ್ರಾನ್ಸ್ 2–1ರಲ್ಲಿ ಗೆದ್ದಿತು. ನಡುವೆ ಭಾರತಕ್ಕೆ ಎರಡು ಪೆನಾಲ್ಟಿಗಳು ಸಿಕ್ಕಿದ್ದವು. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್ ಹೊಡೆದರು. ಎರಡೂ ಗೋಲಾಗಲಿಲ್ಲ.

ಗೋಲು ಹೊಡೆದ ರಾಮನ್ ಬೆಂಗಳೂರಿನವರು. ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಕೂಡ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ಇದು ಆಕಸ್ಮಿಕವಲ್ಲ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳ ಜೊತೆ ಆಡಿ ಆಡಿ ಸ್ಥಳೀಯ ಹುಡುಗರು ಆಟ ಕಲಿತಿದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತ್ತು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಫಾರ್ವರ್ಡ್‌ಗಳನ್ನು ಅಲ್ಲಿನ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದರು. ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಆ ಐವರಲ್ಲಿ ಸೇರಿದ್ದರು.

ಅಭಿಮಾನಿಗಳು ಹುಡುಕಿದ ಕಾರಣ

ಟಿ.ವಿ. ಇಲ್ಲದ ಕಾಲವದು. ಊರಿನಲ್ಲಿದ್ದ ಅಭಿಮಾನಿಗಳು ಪಂದ್ಯವನ್ನು ಕಣ್ಣಾರೆ ಕಂಡವರಲ್ಲ. ಕಾಣದ ಪಂದ್ಯದ ಬಗ್ಗೆ ಚರ್ಚೆ ನಡೆಯುವಾಗ, ಹೇಳಲು ಸುಲಭವಾದ, ಕಣ್ಣಿಗೆ ಕಟ್ಟುವ ಸಂಗತಿಯೇ ಮುಂದೆ ಬರುತ್ತದೆ. ಇಲ್ಲಿ ಆ ಸಂಗತಿ ಬರಿಗಾಲು. ನಾವು ಆಡುವುದು ಫುಟ್‌ಬಾಲ್, ನಿಮ್ಮದು ಬೂಟ್‌ಬಾಲ್ ಎಂದು ನಾಯಕ ಆವ್ ಪತ್ರಕರ್ತರಿಗೆ ತಮಾಷೆಯಾಗಿ ಉತ್ತರಿಸಿದರೆಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅಭಿಮಾನಕ್ಕೆ ಬರಿಗಾಲು, ಸೋಲಿನ ವಿವರಣೆಗೂ ಬರಿಗಾಲು. ಎರಡಕ್ಕೂ ಒಂದೇ ನೆಪ ಸಾಕಾಯಿತು.

ಈ ನೆಪ ಎಷ್ಟು ಬಲವಾಗಿ ಬೇರೂರಿತೆಂದರೆ, ಇನ್ನೊಂದು ಘಟನೆಯ ಇತಿಹಾಸವನ್ನೂ ನುಂಗಿಹಾಕಿತು. 1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು. ಗುಂಪಿನ ಉಳಿದ ತಂಡಗಳು ಹಿಂದೆ ಸರಿದಿದ್ದವು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಬಾರದೆಂದು ಫೀಫಾ ತಡೆದದ್ದರಿಂದ ಹೋಗಲಿಲ್ಲ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ, ಮಕ್ಕಳಿಗೂ ಹೇಳಿದ್ದೇವೆ. ಆದರೆ ಅಂದಿನ ಭಾರತೀಯ ಫುಟ್‌ಬಾಲ್ ಸಂಸ್ಥೆ ಕೊಟ್ಟ ಕಾರಣಗಳು ಬೇರೆ: ಆಟಗಾರರ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯ ಸಾಲದು. ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದು ಎಂಬ ಭಾವನೆಯೂ ಅಂದು ಇತ್ತು. ಸಭೆಯ ಕೊಠಡಿಯಲ್ಲಾದ ತೀರ್ಮಾನಕ್ಕೆ ಆಟಗಾರರ ಪಾದಗಳು ಹೊಣೆ ಹೊತ್ತವು.

ಗಡಿಯಾರ ಹೇಳುವ ಮಾತು

ಇಲ್ಫರ್ಡ್ ಪಂದ್ಯದ ಗೋಲುಗಳ ಸಮಯವನ್ನು ಇನ್ನೊಮ್ಮೆ ನೋಡೋಣ. 70ನೇ ನಿಮಿಷದಲ್ಲಿ ಭಾರತ ಫ್ರಾನ್ಸಿಗೆ ಸರಿಸಮ. ಕೊನೆಯ ಹೊಡೆತ ಬಿದ್ದದ್ದು 89ರಲ್ಲಿ. ಆ ಕಾಲದ ಭಾರತದಲ್ಲಿ ಪ್ರಮುಖ ಟೂರ್ನಿಗಳ ಪಂದ್ಯಗಳು ಸಾಮಾನ್ಯವಾಗಿ 70 ನಿಮಿಷದವು, ಅರ್ಧಕ್ಕೆ 35ರಂತೆ. ಒಲಿಂಪಿಕ್ಸ್‌ನಲ್ಲಿ 90. ಅಂದರೆ ರಾಮನ್ ಗೋಲು ಹೊಡೆದ ಗಳಿಗೆಯಲ್ಲಿ, ಊರಿನ ಲೆಕ್ಕದಲ್ಲಿ, ಪಂದ್ಯ ಮುಗಿದು ಆಟಗಾರರು ಅಂಗಿ ಬದಲಿಸಬೇಕಾಗಿತ್ತು. ಅಲ್ಲಿಂದ ಮುಂದಿನ 20 ನಿಮಿಷ ಅವರ ಕಾಲುಗಳಿಗೆ ರೂಢಿಯಿಲ್ಲದ 20 ನಿಮಿಷ. ದಣಿದವನ ಬದಲಿಗೆ ಇನ್ನೊಬ್ಬನನ್ನು ಇಳಿಸೋಣವೆಂದರೆ, ಬದಲಿ ಆಟಗಾರರ ನಿಯಮವೇ ಆಗ ಇರಲಿಲ್ಲ.

ಇದರಿಂದಲೇ ಸೋತರು ಎಂದು ನಾನು ಹೇಳುವುದಿಲ್ಲ. ಎರಡು ಪೆನಾಲ್ಟಿಗಳಲ್ಲಿ ಒಂದು ಗೋಲಾಗಿದ್ದರೂ ಪಂದ್ಯದ ಹಾದಿ ಬೇರೆಯಾಗುತ್ತಿತ್ತು. ಅದೂ ನಿಜವೇ. ಆದರೆ ಬೂಟನ್ನೇ ಮುಂದಿಟ್ಟುಕೊಂಡು ಮಾತಾಡುವಾಗ ಗಡಿಯಾರವನ್ನು ನೋಡಿದವರು ಕಡಿಮೆ. ಬೂಟು ಫೋಟೊದಲ್ಲಿ ಕಾಣುತ್ತದೆ. ಅಭ್ಯಾಸದ ಕೊರತೆ ಕಾಣುವುದಿಲ್ಲ.

ಆಟದ ರಚನೆಯ ಪ್ರಶ್ನೆಯೂ ಇದೆ. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾದ ಮೇಲೆ ಇದೇ ಲಂಡನ್ನಿನ ಆರ್ಸೆನಲ್ ತಂಡದಲ್ಲಿ ಹರ್ಬರ್ಟ್ ಚಾಪ್‌ಮನ್ ಮಧ್ಯದ ಆಟಗಾರನನ್ನು ಹಿಂದಕ್ಕೆ ಸರಿಸಿ ಹಿಂಪಡೆಯಲ್ಲಿ ಮೂವರನ್ನು ನಿಲ್ಲಿಸಿದರು. ಯುರೋಪಿನ ತಂಡಗಳು ಆ ದಾರಿ ಹಿಡಿದವು. ನಮ್ಮಲ್ಲಿ ಮಾತ್ರ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಹಳೆಯ ವ್ಯೂಹವೇ ಉಳಿದಿತ್ತು. ಪಂಚಪಾಂಡವರು ಮುಂದೆ ಮೆರೆಯುವಾಗ ಹಿಂದೆ ಕೋಟೆ ಕಾಯಲು ಇಬ್ಬರೇ ಇದ್ದರು.

ಹೆಲ್ಸಿಂಕಿ, ನಂತರ ಮೆಲ್ಬರ್ನ್

1952ರ ಹೆಲ್ಸಿಂಕಿಯಲ್ಲಿ ಈ ದೌರ್ಬಲ್ಯ ಬಯಲಾಯಿತು. ಯುಗೊಸ್ಲಾವಿಯ 10–1ರಲ್ಲಿ ಭಾರತವನ್ನು ಸೋಲಿಸಿತು. ಎರಡನೇ ನಿಮಿಷದಲ್ಲೇ ಮೊದಲ ಗೋಲು, ವಿರಾಮದ ಹೊತ್ತಿಗೆ ಐದು. ಭಾರತದ ಒಂದೇ ಗೋಲನ್ನು ಪಂದ್ಯದ ಕೊನೆಯಲ್ಲಿ ಹೊಡೆದವರು ನಮ್ಮ ಅಹ್ಮದ್ ಖಾನ್. ಇಲ್ಲಿ ದಣಿವಿನ ವಾದ ನಡೆಯದು, ಕುಸಿತ ಆರಂಭದಲ್ಲೇ ಆಗಿತ್ತು. ಆ ಚಳಿಯ ಊರಿನಲ್ಲಿ ಬರಿಗಾಲಿನವರಿಗೆ ತೊಂದರೆಯಾದದ್ದೂ ಸತ್ಯ. ಇದಾದ ಮೇಲೆ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಲ್ಲಿ ಸೋಲಿಸಿತು, ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯದ ಎದುರು ಮೊದಲ ಗೋಲು ಭಾರತದ್ದೇ. ಕೊನೆಗೆ 4–1ರ ಸೋಲು. ಒಟ್ಟಾರೆ ನಾಲ್ಕನೇ ಸ್ಥಾನ. ‘ನೋಡಿ, ಬೂಟು ಹಾಕಿದ ಕೂಡಲೇ ಗೆದ್ದರು’ ಎಂದು ಅಭಿಮಾನಿಗಳು ಹೇಳಿದರೆ ತಪ್ಪಿಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ಹೈದರಾಬಾದಿನ ಕೋಚ್ ರಹೀಂ ಸಾಹೇಬರು ಆಟದ ರಚನೆಯನ್ನೂ ಅಭ್ಯಾಸದ ಕ್ರಮವನ್ನೂ ಬದಲಿಸಿದ್ದರು. ಆ ಬದಲಾವಣೆಗಳನ್ನೆಲ್ಲ ಬಿಟ್ಟು ಗೆಲುವಿನ ಪಾಲನ್ನು ಪೂರ್ತಿ ಬೂಟಿಗೇ ಕೊಡುವುದು ಸರಿಯಲ್ಲ.

ನಮಗೇಕೆ ಈ ಮಾತು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಫರ್ಡ್‌ನಲ್ಲಿ ಆದದ್ದು ಇದರ ತಿರುವುಮುರುವು. ಚೆನ್ನಾಗಿ ಕುಣಿದವರ ಬಗ್ಗೆ, ಪಾಪ, ಕಾಲಿಗೆ ಗೆಜ್ಜೆಯೇ ಇರಲಿಲ್ಲ ಎಂದು ಮರುಗಿ, ಅವರ ಕುಣಿತವನ್ನೇ ಮರೆತೆವು. ಬರಿಗಾಲಿನ ಕಥೆ ಉಳಿಯಿತು, ರಾಮನ್ ಹೆಸರು ಅಳಿಯಿತು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಬೆಂಗಳೂರಿನವರೊಬ್ಬರ ಕಾಲಿನಿಂದ ಬಂತು ಎಂಬುದನ್ನು ಕನ್ನಡದ ಎಷ್ಟು ಮನೆಗಳಲ್ಲಿ ಹೇಳುತ್ತೇವೆ?

ಇನ್ನೊಂದು ಕಾರಣವನ್ನೂ ನೇರವಾಗಿ ಹೇಳಬೇಕು. ಈ ಆಟಗಾರರಲ್ಲಿ ಹಲವರ ಮನೆಮಾತು ತಮಿಳು ಅಥವಾ ಉರ್ದು. ಅವರ ಲೋಕ ಹಲಸೂರು, ಆಸ್ಟಿನ್ ಟೌನ್, ನೀಲಸಂದ್ರದ ಕಡೆಯದು. ಪೇಟೆಯ, ಬಸವನಗುಡಿಯ ನಮ್ಮ ಹಿರಿಯರ ಲೋಕ ಬೇರೆ. ಹಾಗಾಗಿ ‘ನಮ್ಮವರು’ ಎಂದು ಪಟ್ಟಿ ಮಾಡುವಾಗ ಅವರು ಹೊರಗುಳಿದರು. ಮನೆಮಾತು ಏನೇ ಇದ್ದರೂ ಇಂಗ್ಲೆಂಡಿನಲ್ಲಿ ನಮ್ಮನ್ನು ಈ ಊರಿನವರೆಂದು ಒಪ್ಪಬೇಕೆಂದು ಬಯಸುವ ನಾವು, ಅದೇ ನ್ಯಾಯವನ್ನು ರಾಮನ್‌ಗೂ ಅಹ್ಮದ್ ಖಾನ್‌ಗೂ ಸಲ್ಲಿಸಬೇಡವೇ? ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅಲ್ಲಿನ ಹುಡುಗರಿಗೆ ಈ ಆಟ ಹೊರಗಿನಿಂದ ಬಂದದ್ದು ಎನಿಸುವುದೇ ಇಲ್ಲ.

ನಮ್ಮ ಮಕ್ಕಳು ಇಲ್ಲಿ ಶನಿವಾರ ಬೆಳಿಗ್ಗೆ ಕೆಸರಿನ ಮೈದಾನಗಳಲ್ಲಿ ಆಡುತ್ತಾರೆ. ಇಂಡಿಯಾದವರು ಫುಟ್‌ಬಾಲ್ ಆಡುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಇಲ್ಫರ್ಡ್‌ನ ಆ ಶನಿವಾರವನ್ನು ಅವರು ಉತ್ತರವಾಗಿ ಕೊಡಬಹುದು. ಕೊಡುವಾಗ ಬರಿಗಾಲಿನ ಜೊತೆಗೆ 70ನೇ ನಿಮಿಷ, 89ನೇ ನಿಮಿಷ, ಎರಡು ಪೆನಾಲ್ಟಿಗಳನ್ನೂ ಸೇರಿಸಿ ಹೇಳಲಿ. ಬೆಂಗಳೂರಿನ ಹಳೆಯ ಮೈದಾನಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರನ್ನು ಕೂರಿಸಿ ಕೇಳಿ, ಬರೆದಿಡಿ. ಮುಂದಿನ ಸಂಚಿಕೆಯಲ್ಲಿ ಈ ಚರ್ಚೆಯನ್ನು ಅವರ ಮಾತುಗಳಿಂದ ಮುಂದುವರಿಸೋಣ.