ಕೇರಿಯ ಹಲಗಿ, ಸಾಲಿಯ ಡ್ರಮ್ಮು

ಸಿಂದಗಿ ತಾಲ್ಲೂಕಿನ ಯಂಕಂಚಿ ಕಡೆಯ ಊರುಗಳಲ್ಲಿ ನಾವು ಎರಡು ವಾದ್ಯಗಳ ಸಪ್ಪಳ ಕೇಳುತ್ತ ಬೆಳೆದೆವು. ಒಂದು ಹಲಗಿ, ಇನ್ನೊಂದು ಸಾಲಿಯ ಡ್ರಮ್ಮು. ಹಲಗಿ ಹೆಣದ ಮುಂದೆ, ತೇರಿನ ಮುಂದೆ, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ, ಗೌಡರ ಡಂಗುರದಲ್ಲಿ. ಡ್ರಮ್ಮು ಆಗಸ್ಟ್ 15 ಮತ್ತು ಜನವರಿ 26ರ ಪ್ರಭಾತಫೇರಿಯಲ್ಲಿ. ಆಗ ಎರಡಕ್ಕೂ ಬಿಗಿದದ್ದು ತೊಗಲೇ. ಆದರೆ ಹಲಗಿ ಬಾರಿಸಿದವನು ಗುಡಿಯ ಹೊರಗೆ ನಿಂತು ಮೇಲಿನಿಂದ ಹಾಕಿದ ರೊಟ್ಟಿ ಹಿಡಿದ. ಡ್ರಮ್ಮು ಬಾರಿಸಿದವನ ಬೆನ್ನು ಚಪ್ಪರಿಸಿದರು. ತೊಗಲು ಒಂದೇ ಇರುವಾಗ ಮರ್ಯಾದೆ ಎರಡು ಹೇಗಾಯಿತು?

ಬ್ಯಾಂಡು ಇಂಗ್ಲಿಷರೇ ಹುಟ್ಟಿಸಿದ್ದು ಅಂತ ನಮ್ಮ ಬಹಳ ಜನ ತಿಳಿದಿದ್ದಾರೆ. ಹಂಗೇನಿಲ್ಲ. ದೊಡ್ಡ ಡ್ರಮ್ಮು, ಝಾಂಜುಗಳನ್ನು ಯುರೋಪಿನ ರಾಜರು 18ನೇ ಶತಮಾನದಲ್ಲಿ ತುರ್ಕಿಯ ಜಾನಿಸರಿ ದಂಡಿನ ಮೇಳ ನೋಡಿ ತಮ್ಮ ಸೈನ್ಯಕ್ಕೆ ತಂದುಕೊಂಡರು. ಸೊಂಟದ ಪಕ್ಕಕ್ಕೆ ತೂಗುಬೀಳುವ ಸೈಡ್ ಡ್ರಮ್ಮು ಅದಕ್ಕಿಂತ ಹಳೆಯದು. ಏಳು, ನಡೆ, ನಿಲ್ಲು, ಹಿಂದೆ ಸರಿ ಎಂಬ ಹುಕುಮುಗಳನ್ನು ಕಾಲಾಳುಗಳಿಗೆ ಮುಟ್ಟಿಸುವುದು ಅದರ ಕೆಲಸ. ಅಂದರೆ ನಮ್ಮ ಅಜ್ಜಂದಿರು ಓಣಿ ಓಣಿ ತಿರುಗಿ ಮಾಡಿದ ಡಂಗುರದ ಕೆಲಸವೇ. ಅಲ್ಲಿ ಡ್ರಮ್ಮು ಬಾರಿಸುವವನಿಗೆ ಪಗಾರ, ಬೂಟು, ಹಿತ್ತಾಳೆ ಗುಂಡಿಯ ಕೋಟು. ಇಲ್ಲಿ ಸುಗ್ಗಿಯಲ್ಲಿ ಎರಡು ಮೊರ ಜೋಳ, ಜತೆಗೆ ಬೈಗಳು.

ಈ ಬಿಟ್ಟಿಗೆ ಕಾಯ್ದೆಯ ಬಲವೂ ಇತ್ತು. ಬಿಜಾಪುರ ಜಿಲ್ಲೆ ಆಗ ಮುಂಬೈ ಇಲಾಖೆಯಲ್ಲಿತ್ತು. ಊರ ಚಾಕರಿಯನ್ನು ವಂಶಕ್ಕೆ ಕಟ್ಟಿಹಾಕಿದ ವತನಿ ಪದ್ಧತಿಯನ್ನು 1874ರ ಮುಂಬೈ ಕಾಯ್ದೆ ಭದ್ರಮಾಡಿತು. 1928ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಮುಂಬೈ ವಿಧಾನ ಪರಿಷತ್ತಿನಲ್ಲಿ ಅದಕ್ಕೆ ತಿದ್ದುಪಡಿ ಮಂಡಿಸಿದರು, ಪಾಸಾಗಲಿಲ್ಲ. ಕರ್ನಾಟಕದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರಲ್ಲಿ. ಕಾಗದದ ಮೇಲೆ ವತನ ಹೋಯಿತು. ಹೆಗಲ ಮೇಲಿನ ಹಲಗಿ ಅಷ್ಟು ಲಗೂ ಇಳಿಯಲಿಲ್ಲ.

ಸಾಲಿಯ ಕತೆಯೂ ಇದೇ. 1856ರಲ್ಲಿ ಧಾರವಾಡದ ಸರ್ಕಾರಿ ಸಾಲಿಗೆ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಒಬ್ಬನ ಸಲುವಾಗಿ ಉಳಿದವರ ಮನಸ್ಸು ನೋಯಿಸಬಾರದೆಂಬುದು ಮುಂಬೈ ಸರ್ಕಾರದ ಧೋರಣೆ. ಸಾರ್ವಜನಿಕ ಬಾವಿ, ಸಾಲಿ, ದವಾಖಾನೆ ಎಲ್ಲರಿಗೂ ತೆರೆದಿರಬೇಕೆಂಬ ಬೋಳೆಯವರ ಠರಾವು ಬಂದದ್ದು 1923ರಲ್ಲಿ. ನಡುವಿನ 67 ವರ್ಷ ಲೆಕ್ಕಹಾಕಿರಿ. ಬಾಗಿಲ ಒಳಗೇ ಬಿಡದವರು ಕೈಗೆ ಡ್ರಮ್ಮು ಕೊಡುತ್ತಿದ್ದರೇ?

ಇನ್ನು ಬ್ಯಾಂಡಿನ ಲೆಕ್ಕಕ್ಕೆ ಬರೋಣ, ಮಾಸ್ತರ ಗೆಳೆಯರಿಗೆ ಇದು ಬೇಕಾದೀತು. ಹಳ್ಳಿ ಸಾಲಿಗೆ ದೊಡ್ಡ ಡ್ರಮ್ಮು ಒಂದು, ಸೈಡ್ ಡ್ರಮ್ಮು ನಾಲ್ಕು, ಝಾಂಜು ಒಂದು ಜೊತೆ ಸಾಕು. ಮೀರತ್ತಿನ ಜಲಿ ಕೋಠಿ ಬಜಾರ ಈ ಸಾಮಾನಿಗೆ ಹೆಸರಾದದ್ದು. ಎಡಗಾಲು ನೆಲಕ್ಕೆ ಬೀಳುವಾಗ ದೊಡ್ಡ ಡ್ರಮ್ಮಿನ ಪೆಟ್ಟು ಬೀಳಬೇಕು, ನಿಮಿಷಕ್ಕೆ ಸುಮಾರು 120 ಹೆಜ್ಜೆ. ಮೊದಲ ತಿಂಗಳು ಡ್ರಮ್ಮು ಮುಟ್ಟಿಸಬಾರದು; ಹಲಗೆಯ ತುಂಡಿನ ಮೇಲೆ ಒಂದೊಂದು ಕೈಯಿಂದ ಎರಡೆರಡು ಪೆಟ್ಟು ಹಾಕಿಸಬೇಕು. ಈ ಪಾಠಕ್ಕೆ ಇಂಗ್ಲಿಷರು ಮಮ್ಮಾ-ಡ್ಯಾಡಿ ಅಂತ ಹೆಸರಿಟ್ಟರು. ನಮ್ಮ ಹುಡುಗರಿಗೆ ಅವ್ವ-ಅಪ್ಪ ಅಂದರೂ ಕೈ ತಿರುಗುತ್ತದೆ.

ತೊಗಲಿನ ಡ್ರಮ್ಮಿಗೆ ಆಗಸ್ಟ್ ತಿಂಗಳೇ ವೈರಿ. ಮಳೆಯ ತಂಪಿಗೆ ತೊಗಲು ಸಡಿಲಾಗಿ ಡಬ್ ಡಬ್ ಅನ್ನುತ್ತದೆ. ಸಾಲಿಯವರು ಹಗ್ಗ ಎಳೆದು, ತಿರುಪು ಬಿಗಿದು ಒದ್ದಾಡುತ್ತಾರೆ. ಕೇರಿಯವನು ಕಸಕಡ್ಡಿ ಕೂಡಿಸಿ ಬೆಂಕಿ ಹಚ್ಚಿ, ಹಲಗಿಯನ್ನು ದೂರ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಇನ್ನ ಸ್ವಲ್ಪ ಅನ್ನುತ್ತಾನೆ. ಬಲಗೈಯ ಗಿಡ್ಡ ಕೋಲು ನಡುವಿಗೆ, ಎಡಗೈಯ ತೆಳ್ಳನ ಕಡ್ಡಿ ಅಂಚಿಗೆ. ಸತ್ತ ದನ ಎಳೆದವರು, ತೊಗಲು ಹದ ಮಾಡಿದ ಢೋರರು, ಬಿಗಿದ ಮಾದರು, ಇವರೆಲ್ಲರ ಕೈಯ ವಿದ್ಯೆ ಅಲ್ಲಿ ಕೂಡಿದೆ. ಯಾವ ಸಾಲಿಯೂ ಇದನ್ನು ವಿದ್ಯೆ ಅಂತ ಎಣಿಸಲಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಹಾಳೆಯ ಮುಖ ಬಂದಿತು, ಈಗ ಹಲಗಿಗೂ ಪ್ಲಾಸ್ಟಿಕ್ಕೇ. ತೊಗಲು ಹೋಯಿತು, ಮೈಲಿಗೆ ಹೋಗಲಿಲ್ಲ.

ನಾವು ಓದಿದ ಸಾಲಿಯಲ್ಲಿ ಬ್ಯಾಂಡಿಗೆ ಹುಡುಗರನ್ನು ಆರಿಸುವ ರೀತಿ ಹೀಗಿತ್ತು. ಮುಂದೆ ಕೋಲು ತಿರುಗಿಸುತ್ತ ನಡೆಯುವವನು ಊರ ಹಿರಿಯರ ಮಗ. ನಮ್ಮವನೊಬ್ಬನಿಗೆ ದೊಡ್ಡ ಡ್ರಮ್ಮು ಹೊರಿಸಿದರು. "ನಿಮ್ಮಪ್ಪ ಹಲಗಿ ಬಾರಸ್ತಾನಲ್ಲೊ, ನಿನಗ ಮತ್ತ ಕಲಿಸೋದೇನೈತಿ?" ಅಂದರು. ಎಲ್ಲರೂ ನಕ್ಕರು. ಮರುದಿನದಿಂದ ಅವನು ತಾಲೀಮಿಗೆ ಬರಲಿಲ್ಲ. ಡ್ರಮ್ಮು ಕೊಡದೆ ಇರುವುದು ಒಂದು ಅವಮಾನ. ಜಾತಿ ನೋಡಿ ಕೊಡುವುದು ಇನ್ನೊಂದು. ಎರಡನೆಯದನ್ನು ನಮ್ಮ ಪ್ರಗತಿಪರ ಮಾಸ್ತರರು ಇನ್ನೂ ಗುರುತಿಸಿಲ್ಲ.

ಚಳವಳಿಯೊಳಗೂ ಈ ಜಗಳ ಮುಗಿದಿಲ್ಲ. ಹೆಣದ ಮುಂದೆ ಬಾರಿಸುವುದಿಲ್ಲ ಎಂದು ಹಲಗಿ ಕೆಳಗಿಟ್ಟವರಿದ್ದಾರೆ. ಅದೇ ಹಲಗಿ, ತಮಟೆಗಳನ್ನು ಜಾಥಾಗಳಲ್ಲಿ ಎದೆಗೆ ಕಟ್ಟಿಕೊಂಡವರೂ ಇದ್ದಾರೆ. ನಾವು ಇಬ್ಬರ ಕಡೆಗೂ ಇದ್ದೇವೆ. ಬಿಟ್ಟಿಗೆ ಬಾರಿಸುವ ಕೈ ನಿಲ್ಲಲೇಬೇಕು. ಆದರೆ ಕೈಯೊಳಗಿನ ಲಯವನ್ನು ಗೌಡರ ಮನೆಯ ಆಸ್ತಿ ಅಂತ ಬಿಟ್ಟುಕೊಡಲು ನಾವು ತಯಾರಿಲ್ಲ.

ಅದಕ್ಕೇ ಹಳ್ಳಿಯ ಮಾಸ್ತರರಿಗೆ ನಮ್ಮದೊಂದು ಮಾತು. ಡ್ರಮ್ಮು, ಝಾಂಜು, ಮುಂದಿನ ಕೋಲು ತಿಂಗಳಿಗೊಮ್ಮೆ ಕೈ ಬದಲಾಗಲಿ, ಹುಡುಗಿಯರ ಕೈಗೂ ಬರಲಿ. ತಾಳ ಕಲಿಸಲಿಕ್ಕೆ ಕೇರಿಯ ಹಿರಿಯರನ್ನು ಕರೆಸಿರಿ. ಅವರಿಗೆ ಅಂಗಳದಲ್ಲಲ್ಲ, ವರ್ಗದೊಳಗೆ ಕುರ್ಚಿ ಹಾಕಿರಿ. ತಿಂಗಳ ಕೊನೆಗೆ ಗೌರವಧನದ ಪಾವತಿಯಲ್ಲಿ ಅವರ ಪೂರ್ತಿ ಹೆಸರು ಬರೆದು, ಮುಂದೆ "ಶಿಕ್ಷಕರು" ಎಂದು ಬರೆಯಿರಿ.